ಗೌಡರ ಮುಂದಿಟ್ಟ ನೀರು

ರುಕ್ಮಿಣಮ್ಮ ಬೆಲ್ಲದ ತಟ್ಟೆಯ ಪಕ್ಕದಲ್ಲಿಟ್ಟ ನೀರಿನ ಲೋಟವನ್ನು ಉಪೇಂದ್ರಗೌಡರು ಮುಟ್ಟಲಿಲ್ಲ. ಅವರ ಜೀಪಿನ ಡ್ರೈವರ್ ಅಸದ್ ಮಾತ್ರ ಬಾಗಿಲ ಬಳಿ ನಿಂತೇ ತನ್ನ ಲೋಟ ಖಾಲಿ ಮಾಡಿದ.

"ನಾಳೆ ಕೆರೆ ನೀರಿನ ಪರೀಕ್ಷೆಗೆ ಜಿಲ್ಲೆಯಿಂದ ಸಾಹೇಬ್ರು ಬರ್ತಾರಂತೆ," ಗೌಡರು ಶುರುಮಾಡಿದರು. "ಬಾಟ್ಲಿಗೆ ನೀರನ್ನ ಕೆರೆ ಏರಿ ಹತ್ರ ತುಂಬಿ ಅಮ್ಮ. ನಮ್ಮ ಹಳ್ಳ ಸೇರೋ ಕಡೆ ಯಾಕೆ? ಕೊಯ್ಲಿನ ಟೈಮು. ಅವ್ರು ಪಲ್ಪರ್ ನಿಲ್ಸು ಅಂದ್ರೆ ಹಣ್ಣೆಲ್ಲ ಕೊಳ್ತು ಹೋಗುತ್ತೆ."

ಅಮ್ಮ ಅಂತೆ. ಊರಿಗೆಲ್ಲ ಕುಡಿಯುವ ನೀರು ಕೊಡುವ ಆ ಕೆರೆಯಲ್ಲಿ ಎಂಬತ್ತೊಂಬತ್ತನೇ ಇಸವಿಯಿಂದ ತಿಂಗಳು ತಿಂಗಳೂ ಅದೇ ಜಾಗಗಳಲ್ಲಿ ಬಾಟಲಿ ಮುಳುಗಿಸಿ ಪರೀಕ್ಷೆಗೆ ಕಳಿಸುತ್ತಿದ್ದವಳು ಅವಳು. ಗೌಡರ ಎಸ್ಟೇಟಿಗೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಬಂದ ವರ್ಷ, ಅದರ ಕೊಳೆನೀರು ಇಳಿಯುವ ಹಳ್ಳದ ಬಾಯಲ್ಲಿ ಮೀನು ಸತ್ತು ತೇಲಿದವು, ನೀರು ನಾರಿತು. ಅದನ್ನು ಹೇಳಿದ್ದಕ್ಕೆ ಇದೇ ಗೌಡರು ತುಂಬಿದ ಸಭೆಯಲ್ಲಿ, "ಬಾಟ್ಲಿಗೆ ಇವಳೇ ಪಲ್ಪರ್ ನೀರು ಬೆರೆಸಿರ್ಬೇಕು" ಎಂದು ನಕ್ಕಿದ್ದರು. ಊರೂ ನಕ್ಕಿತ್ತು. ನೀರು ಸರಬರಾಜಿನ ಕಚೇರಿಯವರು ಅವಳನ್ನು ಕೆರೆ ಕೆಲಸದಿಂದ ಬಿಡಿಸಿ ವರ್ಷಗಟ್ಟಲೆ ನಲ್ಲಿ ಬಿಲ್ಲಿನ ಕಿಟಕಿಯಲ್ಲಿ ಕೂರಿಸಿದರು. ಆ ನಗುವನ್ನು ಅವಳು ಇನ್ನೂ ಮರೆತಿರಲಿಲ್ಲ. ಹೋದ ಮಳೆಗಾಲದಲ್ಲಿ ಮತ್ತೆ ಕೆರೆ ಕೆಲಸಕ್ಕೆ ಹಾಕಿದ್ದರು. ಕಾರ್ಯವಾಸಿ ಕತ್ತೆಕಾಲು ಹಿಡಿಯಬೇಕೆಂದು ಗೌಡರಿಗೂ ಗೊತ್ತು.

"ಅದಿರ್ಲಿ, ಮೊದ್ಲು ನೀರು ಕುಡೀರಿ ಗೌಡ್ರೆ."

"ಬೇಡ. ನಂಗೆ ಸಕ್ಕರೆ ಕಾಯಿಲೆ."

"ಬೆಲ್ಲ ಬಿಡಿ. ನೀರಿಗೇನಾಯ್ತು?"

"ಒಂಚೂರು ಕಾಫಿ ಆದ್ರೆ..."

"ಕಾಫಿನೂ ಇದೇ ನಲ್ಲಿ ನೀರಲ್ಲೇ ಮಾಡ್ಬೇಕು."

ಗೌಡರು ಲೋಟ ಎತ್ತಿದರು. ತುಟಿಯ ಹತ್ತಿರ ಒಯ್ದವರು ವಾಸನೆಗೆ ಮೂಗು ಸಿಂಡರಿಸಿ ಹಾಗೇ ಕೆಳಗಿಟ್ಟರು. ಇಟ್ಟ ಬೆಲ್ಲ ನೀರು ಮುಟ್ಟದೆ ಏಳುವುದೆಂದರೆ ಮನೆಯವರ ಮುಖಕ್ಕೆ ಉಗಿದಂತೆ. ಅದನ್ನು ಗೌಡರಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ರುಕ್ಮಿಣಮ್ಮನಿಗೆ ಮುಚ್ಚಿಡಲಾಗದಷ್ಟು ಖುಷಿಯಾಯಿತು. "ಇದಕ್ಕೆ ನಾನೇನೂ ಬೆರೆಸಿಲ್ಲ," ಎಂದಳು. "ನೀನು ನೋಡಿದ್ಯಲ್ಲ ಅಸದ್?"

"ನೋಡ್ದೆ ಅಮ್ಮ. ನಮ್ಮನೇಗೂ ಇದೇ ಬರೋದು," ಎಂದ ಅಸದ್, ಗೌಡರ ಕಡೆ ನೋಡದೆ.

"ನಾಳೆ ಹಳ್ಳದ ಬಾಯಲ್ಲೇ ತುಂಬ್ತೀನಿ ಗೌಡ್ರೆ. ಸಾಹೇಬ್ರ ಎದುರಿಗೇ. ನೀವೂ ಬನ್ನಿ."

ಗೌಡರು ಚಪ್ಪಲಿ ಮೆಟ್ಟಿ ಹೊರಟರು. ಜೀಪು ಇಳಿಜಾರಿನಲ್ಲಿ ಮರೆಯಾಗುವ ತನಕ ಅವಳು ಬಾಗಿಲಲ್ಲೇ ನಿಂತಿದ್ದಳು. ಒಳಗೆ ಬಂದಳು; ಅವಳಿಗೂ ಕುಡಿಯಲು ಬೇರೆ ನೀರಿರಲಿಲ್ಲ. ಗೌಡರು ಬಿಟ್ಟುಹೋದ ಲೋಟ ಎತ್ತಿಕೊಂಡು, ನಾತಕ್ಕೆ ಉಸಿರು ಬಿಗಿಹಿಡಿದು, ಪೂರ್ತಿ ಕುಡಿದಳು. ಆಮೇಲೆ ಬೆಲ್ಲದ ಚೂರೊಂದನ್ನು ಬಾಯಿಗೆ ಹಾಕಿಕೊಂಡಳು.