ಉಳಿದ ಕರೆಂಟು

ಆ ಮನೆಯ ಹೆಂಗಸು ದರ್ಜಿ. ಬೀದಿಗೆ ತೆರೆಯುವ ಕೋಣೆಯೇ ಅವಳ ಅಂಗಡಿ. ಕಿಟಕಿಯ ಕೆಳಗೆ ಮೋಟಾರು ಹಾಕಿದ ಹೊಲಿಗೆ ಮಿಷನ್ನು. ಗಂಡ ಗೋಡೆಗೆ ಬಣ್ಣ ಹೊಡೆಯುವವನು. ಹೋದ ವರ್ಷ ಹಬ್ಬದ ರಜೆಯ ದಿನಗಳಲ್ಲಿ ಅವನು ಮನೆಯ ಮುಂದೆಲ್ಲ ದೀಪದ ಸರ ಎಳೆದು ಮೆರೆದಿದ್ದ. ಹಳೆಯ ಗಾಜಿನ ಬಲ್ಬುಗಳು, ಒಂದೊಂದನ್ನೂ ತಾನೇ ಬಣ್ಣದ ಡಬ್ಬಿಯಲ್ಲಿ ಅದ್ದಿ ಒಣಗಿಸಿದ್ದು. ಅವು ಹತ್ತಿಕೊಂಡರೆ ಮಿಷನ್ನು ನರಳುತ್ತಿತ್ತು, ಮತ್ತೆ ಮತ್ತೆ ಫ್ಯೂಸು ಹೋಗುತ್ತಿತ್ತು. ಹೋಟೆಲಿನ ಕೆಲಸಗಾರರ ಕೋಟುಗಳು ಹೊತ್ತಿಗೆ ಮುಗಿಯದೆ ಅರ್ಧ ಕೆಲಸ ಎದುರು ಅಂಗಡಿಯ ದರ್ಜಿಯ ಪಾಲಾಯಿತು. ಇನ್ನೊಮ್ಮೆ ತಡವಾದರೆ ಪೂರ್ತಿ ಅಲ್ಲಿಗೇ ಎಂದು ಹೋಟೆಲಿನ ಮ್ಯಾನೇಜರ್ ಮುಲಾಜಿಲ್ಲದೆ ಹೇಳಿದ್ದ.

ಅದಕ್ಕೇ ಈ ವರ್ಷ ದೀಪ ಕೊಳ್ಳಲು ಅವಳೇ ಹೊರಟಳು. ಗಂಡ ಹಿಂದೆಯೇ ಬಂದ.

"ಇದು ಎಲ್‌ಇಡಿ ಅಕ್ಕ. ಸರ ಪೂರ್ತಿ ಸೇರಿದ್ರೂ ನಿಮ್ಮ ಹಳೇ ಒಂದು ಬಲ್ಬಿನಷ್ಟು ಕರೆಂಟು ತಿನ್ನಲ್ಲ," ಎಂದ ದೀಪದ ಅಂಗಡಿಯವನು.

ಅವಳು ಉರಿಯುತ್ತಿದ್ದ ದೀಪವನ್ನು ಬೆರಳಲ್ಲಿ ಹಿಡಿದು ನೋಡಿದಳು. ಬಿಸಿಯೇ ಇರಲಿಲ್ಲ. ಡಬ್ಬಿಯ ಮೇಲೆ ಎಷ್ಟು ವ್ಯಾಟು ಎಂದು ಓದಿಸಿದಳು. ಅಚ್ಚ ಬಿಳಿಯದು ಕಣ್ಣು ಚುಚ್ಚುತ್ತದೆಂದು ಬದಿಗೆ ಸರಿಸಿ, ಹಳದಿ ಛಾಯೆಯದನ್ನು, ಹೊತ್ತಾದ ಮೇಲೆ ತಾನಾಗಿ ಆರುವಂಥದ್ದನ್ನು ತೆಗೆಸಿದಳು.

"ಇದರ ಬಾಲಕ್ಕೆ ಇದೇ ಜಾತಿ ಸರ ಬಿಟ್ಟು ಬೇರೇದು ಸಿಕ್ಕಿಸಬೇಡಿ," ಎಂದ ಅಂಗಡಿಯವನು.

"ಕೇಳಿಸ್ತೇನ್ರೀ?" ಎಂದಳು ಗಂಡನಿಗೆ.

"ನಾನೇನು ಕಿವುಡನಾ?" ಅವನ ಕಣ್ಣು ಮಾತ್ರ ಮೇಲೆ ತೂಗುತ್ತಿದ್ದ ದೊಡ್ಡ ನಕ್ಷತ್ರದ ಮೇಲಿತ್ತು.

"ಹಳೇದನ್ನ ಗುಜರಿಗೆ ಹಾಕಿದ್ರಾ?"

"ಹಾಕಿದೆ ಅಂದ್ನಲ್ಲೇ."

ಕೋಟುಗಳನ್ನು ಕೊಡುವ ದಿನ ಬಂತು. ಸಂಜೆಗೆ ಮ್ಯಾನೇಜರ್ ಬರುವವನಿದ್ದ. ಕೊನೆಯ ಕೆಲವಕ್ಕೆ ಕಾಲರು ಮಾತ್ರ ಬಾಕಿ. ಮಧ್ಯಾಹ್ನ ಸೂಜಿ ಬಟ್ಟೆಯೊಳಗೆ ಅರ್ಧ ಇಳಿದಿರುವಾಗಲೇ ಟಪ್ಪೆಂದು ಸದ್ದಾಗಿ ಮಿಷನ್ನು ನಿಂತಿತು. ಗೋಡೆಯಿಂದ ರಬ್ಬರು ಸುಟ್ಟ ವಾಸನೆ ಬಂತು.

ಹೊರಗೆ ಬಂದು ನೋಡಿದರೆ ಗಂಡ ದೀಪ ಹತ್ತಿಸಿ ನೋಡುತ್ತ ಏಣಿಯ ಮೇಲಿದ್ದ. ಹೊಸ ಸರದ ತೆಳ್ಳನೆಯ ವೈರು ಕರಗಿ ಜೋತುಬಿದ್ದಿತ್ತು. ಅದರ ಬಾಲಕ್ಕೆ ಸಿಕ್ಕಿಸಿದ್ದು ಅದೇ ಬಣ್ಣ ಅದ್ದಿದ ಬಲ್ಬುಗಳು.

"ಗುಜರಿಗೆ ಹಾಕಿದ್ದು ತಾನಾಗಿ ನಡ್ಕೊಂಡು ಬಂತಾ?"

"ಹೊಸದು ಗೇಟಿನವರೆಗೂ ಎಟುಕಲಿಲ್ಲ ಕಣೇ. ಅಷ್ಟೊಂದು ಉಳಿಯುತ್ತೆ ಅಂದ್ನಲ್ಲ ಅವನು, ಉಳಿದ ಕರೆಂಟಲ್ಲಿ ಇದೂ ಉರೀಲಿ ಅಂತ..."

"ಉಳಿದಿದ್ದು ಬಡಿಸೋಕೆ ಅದೇನು ಪಾತ್ರೆ ತಳದ ಊಟವಾ?"

ಅವಳ ಮೈಯೆಲ್ಲ ಉರಿದುಹೋಯಿತು. ಮದುವೆಯಾದಾಗಿನಿಂದ ಅವನು ಹೀಗೇ. ಹೂಂ ಎನ್ನುವುದಕ್ಕೂ ಮಾಡುವುದಕ್ಕೂ ಸಂಬಂಧವಿರಲಿಲ್ಲ. ಅವನು ಹೊಡೆದ ಬಣ್ಣವನ್ನು ಊರೆಲ್ಲ ನೋಡಿ ಹೊಗಳುತ್ತಿತ್ತು. ಅವಳ ಹೊಲಿಗೆ ಮಡಿಕೆಯ ಒಳಗಿನದು. ಮನೆ ನಡೆಯುತ್ತಿದ್ದುದು ಆ ಒಳಗಿನದರಿಂದಲೇ.

ವೈರಿಂಗ್ ಮಾಡುವವನು ಫೋನಿನಲ್ಲಿ, "ಗೋಡೇಲಿ ವಾಸನೆ ಇದ್ರೆ ಮೇನ್ ಮುಟ್ಟಲೇಬೇಡಿ, ನಾಳೆ ಬರ್ತೀನಿ," ಎಂದುಬಿಟ್ಟ.

ಗಂಡ ಮೆಲ್ಲಗೆ ಬಾಗಿಲಿಗೆ ಬಂದ. "ಎದುರು ಅಂಗಡೀಲಿ ಹೊಲಿಸ್ಕೊಂಡು ಬರ್ಲಾ?"

ಅವಳು ಅವನ ಮುಖವನ್ನೇ ದಿಟ್ಟಿಸಿದಳು. ಬಗ್ಗಿ ಮೋಟಾರಿನ ಬೆಲ್ಟು ಕಳಚಿದಳು.

"ಬನ್ನಿ. ಚಕ್ರ ತಿರುಗಿಸಿ."

ಅವನು ಚಕ್ರ ಹಿಡಿದ. ಅವಳು ಬಟ್ಟೆ ಕೊಟ್ಟಳು.

"ನಿಧಾನ. ಮೂಲೆ ಬಂತು, ನಿಲ್ಲಿಸಿ. ಹೂಂ, ಈಗ."

ಪಕ್ಕದ ಮನೆಯವನು ಕಿಟಕಿಯಲ್ಲಿ ಇಣುಕಿ, "ಏನಣ್ಣ, ಹೊಲಿಗೆ ಕಲೀತಿದ್ದೀರಾ?" ಎಂದ.

"ಕರೆಂಟು ಉಳಿಸ್ತಿದ್ದಾರೆ," ಎಂದಳು ಅವಳು, ತಲೆ ಎತ್ತದೆ.

ಹೊತ್ತು ಇಳಿಯಿತು. ಅವನ ರಟ್ಟೆ ಸೋತು ಅಂಗಿ ಬೆನ್ನಿಗೆ ಅಂಟಿತು. "ಸಿಟ್ಟು ಇಳೀತಾ?" ಎಂದು ಕೇಳಿದ.

"ಇಲ್ಲ. ತಿರುಗಿಸಿ."

ಮ್ಯಾನೇಜರ್ ಬಂದಾಗ ಕೊನೆಯ ಕಾಲರು ಸೂಜಿಯಡಿ ಇತ್ತು. ನಮಸ್ಕಾರ ಮಾಡಲು ಗಂಡ ಕೈ ಎತ್ತಹೋದ. "ಚಕ್ರ ಬಿಡಬೇಡಿ," ಎಂದಳು. ಬಂದವನು ನಿಂತುಕೊಂಡೇ ಕಾದ. ನೂಲು ಕತ್ತರಿಸಿಕೊಟ್ಟ ಕೋಟುಗಳನ್ನು ಒಂದೊಂದಾಗಿ ತಿರುವಿ ನೋಡಿ, ಮುಂದಿನ ಕೆಲಸವೂ ಇಲ್ಲಿಗೇ ಎಂದು ಹೇಳಿ ಹೋದ.

ಗಂಡ ಉಸ್ಸೆಂದು ಹೊಸ್ತಿಲಲ್ಲಿ ಕುಸಿದ. "ಅಂತೂ ಆಯ್ತಲ್ಲ, ಬಿಡು."

"ಆಗಿದ್ದು ಕೋಟು," ಎಂದಳು ಅವಳು. "ನಮ್ಮಿಬ್ಬರ ಮಾತು ಇನ್ನೂ ಶುರುವೇ ಆಗಿಲ್ಲ. ಏಣಿ ಒಳಗಿಟ್ಟು ಬಂದು ಕೂತ್ಕೊಳ್ಳಿ."