ಒಂದೇ ಕೂಗಿಗೆ

ಮಗುವಿಗೆ ಹೆಸರು ಹುಡುಕುವ ಕೆಲಸವನ್ನು ಮಗುವಿನ ಅಪ್ಪ ತಾನಾಗಿಯೇ ಮೈಮೇಲೆ ಎಳೆದುಕೊಂಡಿದ್ದ. ಔಷಧಿ ಅಂಗಡಿಯವನು, ಮಾತ್ರೆಯ ಹೆಸರು ಒಂದಕ್ಷರ ಆಚೀಚೆಯಾದರೆ ಏನಾಗುತ್ತದೆಂದು ಬಲ್ಲವನು. ಅಂಗಡಿ ಬಾಗಿಲು ಹಾಕಿ ಬಂದವನೇ, ಕೈಕಾಲು ಕೂಡ ತೊಳೆಯದೆ ಮೊಬೈಲು ತೆಗೆದು, "ಇದು ಕೇಳು, ಎಂದೂ ಬಾಡದ ಹೂವು ಅಂತ ಅರ್ಥ. ಇದು ನೋಡು, ಅಲುಗಾಡದ ಮನಸ್ಸಂತೆ" ಎಂದು ಶುರು ಹಚ್ಚುತ್ತಿದ್ದ. ತೊಟ್ಟಿಲಲ್ಲಿದ್ದ ಮಗಳು ಅಷ್ಟೂ ಅರ್ಥಗಳಿಗೆ ಒಂದೇ ಸಮನೆ ಆಕಳಿಸುತ್ತಿದ್ದಳು.

ಅವನ ಹೆಂಡತಿಗೂ ಅರ್ಥ ಬೇಕೇ ಬೇಕಿತ್ತು, ಅವನಿಗಿಂತ ಒಂದು ಕೈ ಹೆಚ್ಚೇ. ಏಕೆಂದರೆ ಅವಳ ಹೆಸರಿಗೆ ಅರ್ಥವಿರಲಿಲ್ಲ.

ಬೀದಿಯವರಿಗೆ ಅವಳು ಇಂದಿಗೂ ಗಿರಣಿಯವರ ಮಗಳು. ಮದುವೆಯಾದ ಮೇಲೂ ಗಂಡನೊಡನೆ ತವರುಮನೆಯಲ್ಲೇ ಇದ್ದಳು. ಅದರ ಹಿತ್ತಲ ಶೆಡ್ಡಿನಲ್ಲಿ ಅವಳ ಅಪ್ಪನ ಹಿಟ್ಟಿನ ಗಿರಣಿ ಇತ್ತು. ಅದು ಓಡತೊಡಗಿದರೆ ಅಡುಗೆಮನೆಯ ಲೋಟಗಳೂ ನಡುಗುತ್ತಿದ್ದವು. ಚಿಕ್ಕಂದಿನಲ್ಲೊಮ್ಮೆ ಶಾಲೆಯಲ್ಲಿ ಟೀಚರು ಒಬ್ಬೊಬ್ಬರನ್ನೇ ಎಬ್ಬಿಸಿ ಹೆಸರಿನ ಅರ್ಥ ಕೇಳಿದರು. ಪಕ್ಕದವಳು ಬೆಳದಿಂಗಳು, ಹಿಂದಿನವಳು ಗೆಲುವು. ಸದಾ ಮೂಗು ಸುರಿಸುತ್ತಿದ್ದ ಹುಡುಗ ಕೂಡ ಸೂರ್ಯನೋ ಏನೋ ಆಗಿಬಿಟ್ಟ. ಇವಳ ಸರದಿ ಬಂದಾಗ ಟೀಚರು ತಾವೇ ಸ್ವಲ್ಪ ಯೋಚಿಸಿ, "ಇದಕ್ಕೆ ಅರ್ಥ ಇದ್ದ ಹಾಗಿಲ್ಲಮ್ಮ, ಕೂತ್ಕೋ" ಎಂದರು. ಇಡೀ ಕ್ಲಾಸು ಗೊಳ್ಳೆಂದು ನಕ್ಕಿತು. ಅವಳು ಮನೆಗೆ ಬಂದು ಬ್ಯಾಗು ಎಸೆದು, ಅಮ್ಮನ ಮುಂದೆ ಕೂತು ಅತ್ತಳು.

"ಅರ್ಥ ಕಟ್ಕೊಂಡು ಏನ್ ಮಾಡ್ತೀಯೇ?" ಎಂದಿದ್ದಳು ಅಮ್ಮ. "ಗಿರಣಿ ಓಡ್ತಿರುವಾಗ ಕೂಗಿದ್ರೂ ಕೇಳಿಸ್ಬೇಕಿತ್ತು. ನೀನು ಹೊಟ್ಟೇಲಿದ್ದಾಗ ಈ ಬಾಗಿಲಲ್ಲೇ ನಿಂತು ಒಂದೊಂದೇ ಹೆಸರು ಕೂಗಿ ನೋಡ್ದೆ. ನಿಮ್ಮಪ್ಪ ಇದೊಂದಕ್ಕೆ ತಿರುಗಿದ್ರು. ಇಟ್ಟೆ."

ಹಸುವಿಗೆ ಗಂಟೆ ಕಟ್ಟುವವರೂ ಇದಕ್ಕಿಂತ ಹೆಚ್ಚು ತಲೆ ಓಡಿಸುತ್ತಾರೆ ಎಂದು ಅವಳಿಗೆ ಮೈಯೆಲ್ಲ ಉರಿದಿತ್ತು. ತನ್ನ ಮಗುವಿಗೆ ಮಾತ್ರ ಇಂಥ ಅವಮಾನ ಬೇಡವೆಂದು ಅವತ್ತೇ ನಿರ್ಧರಿಸಿಬಿಟ್ಟಿದ್ದಳು. ಅರ್ಥವಿದ್ದವರೆಲ್ಲ ಅದಕ್ಕೆ ತಕ್ಕ ಹಾಗೆ ಬಾಳುತ್ತಾರಾ ಎಂದು ಮಾತ್ರ ಕೇಳಬಾರದು. ಎದುರುಮನೆಯಾಕೆಯ ಹೆಸರಿಗೆ ಶಾಂತಿ ಎಂದರ್ಥ; ಬೆಳಗ್ಗೆ ಆಕೆ ಬಾಯಿ ತೆರೆದರೆ ಬೀದಿಗೆ ಬೇರೆ ಅಲಾರಂ ಬೇಕಿರಲಿಲ್ಲ.

ಅಮ್ಮ ಈಗಿಲ್ಲ. ಅಮ್ಮ ಹೋದ ಮೇಲೆ ಅಪ್ಪ ಗಿರಣಿ ನಿಲ್ಲಿಸಿದರು. ಅಷ್ಟರಲ್ಲಿ ಅದು ಅವರ ಕಿವಿಯನ್ನು ಬಹುಪಾಲು ತಿಂದು ಮುಗಿಸಿತ್ತು. ಕಿವಿಗೆ ಹಾಕುವ ಮೆಷಿನ್ನನ್ನು ಅಳಿಯ ತಂದುಕೊಟ್ಟರೆ, "ಒಂದು ಮೆಷಿನ್ನು ಕಿತ್ಕೊಂಡಿದ್ದನ್ನ ಇನ್ನೊಂದು ವಾಪಸ್ ಕೊಡುತ್ತಾ?" ಎಂದು ಡಬ್ಬಿಯಲ್ಲೇ ಇಟ್ಟುಬಿಟ್ಟರು. ಅವರೊಡನೆ ಮಾತಾಡಬೇಕೆಂದರೆ ಹತ್ತಿರ ಹೋಗಿ ಭುಜ ಮುಟ್ಟಬೇಕು.

ಭಾನುವಾರ ಮಗುವನ್ನು ನೋಡಲು ನೆಂಟರು ಬರುವವರಿದ್ದರು. ಅವರಿಗೆ ಹೇಳಲು ಒಂದು ಹೆಸರು ಬೇಕಿತ್ತು. ಶನಿವಾರ ಸಂಜೆ, ಅಂತೂ ಇಂತೂ, ಆರದ ಬೆಳಕು ಎಂಬರ್ಥದ್ದು ಗಟ್ಟಿಯಾಯಿತು. ಅಳಿಯ ಮಾವನ ಕಿವಿಯ ಬಳಿ ಬಗ್ಗಿ ಅದನ್ನು ಗಂಟಲು ಹರಿಯುವ ಹಾಗೆ ಕೂಗಿದ. "ಚೆನ್ನಾಗಿದೆ, ಚೆನ್ನಾಗಿದೆ" ಎಂದು ಅಪ್ಪ ನಕ್ಕರು. ಆ ನಗು ಅವಳಿಗೆ ಗೊತ್ತಿತ್ತು. ಏನೂ ಕೇಳಿಸದಾಗ ನಗುವ ನಗು ಅದು. ದೊಡ್ಡ ಅಕ್ಷರಗಳಲ್ಲಿ ಬರೆದು ತೋರಿಸಿದ್ದಾಯಿತು. ಅಂಗಡಿ ಬೋರ್ಡು ಓದುವ ಹಾಗೆ ಅಕ್ಷರ ಕೂಡಿಸಿ ಓದಿದರು. ಆದರೆ ಮಗುವನ್ನು ತೊಡೆಯ ಮೇಲೆ ಇಟ್ಟು "ಕರೀರಿ ಅಪ್ಪ" ಎಂದು ಸನ್ನೆ ಮಾಡಿದಾಗ ಬಾಯಿ ತೆರೆದು, ಮುಚ್ಚಿ, ಸುಮ್ಮನೆ ಅದರ ಪಾದ ಸವರಿದರು.

ಅವಳು ಮಗುವನ್ನು ಅಪ್ಪನ ತೊಡೆಯಿಂದ ಎತ್ತಿಕೊಂಡಳು. ತಾತನ ಕಿವಿಗೆ ಒಮ್ಮೆಯೂ ಬೀಳದ, ನಾಲಿಗೆಗೆ ಒಮ್ಮೆಯೂ ಬಾರದ ಹೆಸರನ್ನು ಹೊತ್ತು ತನ್ನ ಮಗಳು ಬೆಳೆಯುತ್ತಾಳೆ. ಅದು ಎಂಥ ಬೆಳಕಾದರೇನು?

ಮರುದಿನ ಬೆಳಗ್ಗೆ ಅಪ್ಪ ಎಂದಿನಂತೆ ಶೆಡ್ಡಿನಲ್ಲಿ ಬೆನ್ನು ಹಾಕಿ ನಿಂತು, ಓಡದ ಗಿರಣಿಯನ್ನು ಬಟ್ಟೆಯಿಂದ ಒರೆಸುತ್ತಿದ್ದರು. ಅವಳು ಮಗುವನ್ನು ಹೆಗಲಿಗೆ ಹಾಕಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದಳು. ಹೊಸ ಹೆಸರನ್ನು ಕೂಗಿದಳು. ಅಪ್ಪ ತಿರುಗಲಿಲ್ಲ. ಬಾಡದ ಹೂವನ್ನು ಕೂಗಿದಳು, ಅಲುಗಾಡದ ಮನಸ್ಸನ್ನು ಕೂಗಿದಳು. "ಅಪ್ಪಾ!" ಎಂದಳು. ಎದುರುಮನೆಯ ಕಿಟಕಿ ತೆರೆಯಿತೇ ಹೊರತು ಅಪ್ಪ ಮಿಸುಕಲಿಲ್ಲ.

ಅಮ್ಮ ನಿಲ್ಲುತ್ತಿದ್ದದ್ದೂ ಇಲ್ಲೇ, ಒಂದು ಕೈ ಬಾಗಿಲ ಚೌಕಟ್ಟಿಗೆ ಕೊಟ್ಟು. ಊಟಕ್ಕೆ ಕರೆಯಲು ಅಪ್ಪನಿಗೊಂದು, ಮಗಳಿಗೊಂದು ಎಂದು ಬೇರೆ ಬೇರೆ ಕೂಗು ಇರಲಿಲ್ಲ. ಮಗಳ ಹೆಸರನ್ನೇ ತಗ್ಗಿನ ಸ್ವರದಲ್ಲಿ ಹಿಡಿದು, ಕೊನೆಯಲ್ಲಿ ಮೇಲಕ್ಕೆ ಎಳೆದು ಬಿಡುತ್ತಿದ್ದಳು. ಇವಳು ಬೀದಿಯಲ್ಲಿ ಆಟ ಬಿಟ್ಟು ಓಡಿ ಬರುವಳು. ಅತ್ತ ಗಿರಣಿಯ ಬೆಲ್ಟು ಕಳಚಿದ ಸದ್ದು, ಬೀದಿಗೆಲ್ಲ ಒಮ್ಮೆಲೇ ಮೌನ, ಆಮೇಲೆ ರೆಪ್ಪೆಯವರೆಗೂ ಬೆಳ್ಳಗಾದ ಅಪ್ಪ. ಆ ತಟ್ಟೆ, ಆ ಹಿಟ್ಟಿನ ವಾಸನೆ, ಅಮ್ಮನ ಗದರಿಕೆ. ಎಷ್ಟು ಸುಖವಾಗಿದ್ದೆವು ಎಂದು ನೆನೆದು ಅವಳ ಕಣ್ಣು ತುಂಬಿತು.

ಯಾರು ತನ್ನ ಹೆಸರನ್ನು ತಾನೇ ಕೂಗಿಕೊಳ್ಳುತ್ತಾರೆ? ನಾಚಿಕೆಯಾಯಿತು. ಆದರೂ ಚೌಕಟ್ಟಿಗೆ ಕೈ ಕೊಟ್ಟು ಕೂಗಿದಳು, ಅಮ್ಮನ ಹಾಗೆಯೇ, ಕೊನೆಯಲ್ಲಿ ಎಳೆದು.

ಒರೆಸುತ್ತಿದ್ದ ಕೈ ನಿಂತಿತು.

"ಬಂದೆ ಕಣೇ," ಎಂದರು ಅಪ್ಪ. "ಬೆಲ್ಟು ಕಳಚಿ ಬಂದೆ."

ಕೈ ಒರೆಸಿಕೊಳ್ಳುತ್ತ ಸರಸರ ಹಿತ್ತಲು ದಾಟಿ ಬಂದವರು, ಬಾಗಿಲಲ್ಲಿ ನಿಂತವಳು ಯಾರೆಂದು ಕಂಡು ಅರ್ಧದಲ್ಲೇ ನಿಂತರು. ಮುಖ ಸಣ್ಣಗಾಯಿತು. ಆಮೇಲೆ ಅವಳ ಹೆಗಲ ಮೇಲಿದ್ದ ಮಗುವನ್ನು ನೋಡಿದರು.

"ಇವಳಿಗೂ ಅದೇ ಇಟ್ರಾ?" ಎಂದು ಕೇಳಿದರು.

ಅವಳು ಹೌದೆಂದು ತಲೆಯಾಡಿಸಿದಳು. ಅಪ್ಪ ಮಗುವನ್ನು ಎತ್ತಿಕೊಂಡು ಆ ಹೆಸರಿನಿಂದ ಕರೆದರು. ಮತ್ತೆ ಕರೆದರು. ಸಾಕಾಗಲಿಲ್ಲವೇನೋ, ಎತ್ತಿಕೊಂಡೇ ಗಿರಣಿ ತೋರಿಸಲು ಹೊರಟರು, ದಾರಿಯುದ್ದಕ್ಕೂ ಕರೆಯುತ್ತ.

ಅರ್ಧ ತಲೆ ಬಾಚಿಕೊಂಡಿದ್ದ ಗಂಡ ಬಾಚಣಿಗೆ ಹಿಡಿದುಕೊಂಡೇ ಓಡಿ ಬಂದ. "ನಿಂದೂ ಅದೇ, ಅವಳದೂ ಅದೇನಾ? ಅರ್ಥಾನೂ ಇಲ್ಲ. ಹೋಗ್ಲಿ, ಕೂಗಿದ್ರೆ ಬರೋದ್ಯಾರು?"

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಎಲ್ಲರೂ ಬರ್ತೀವಿ ರೀ," ಎಂದಳು.