ದೋಣಿಗೂ ದಕ್ಕೆಗೂ ನಡುವೆ

ನಾನು ಒಂದು ಹಲಗೆ. ಉದ್ದ ಎರಡಾಳು, ಅಗಲ ಒಂದು ಮೊಳ. ದೋಣಿ ದಡ ಮುಟ್ಟಿದಾಗ ಜನ ಹತ್ತಿ ಇಳಿಯಲೆಂದು ಹಾಕುತ್ತಾರಲ್ಲ, ಅಂಥದ್ದು. ಮೈಯೆಲ್ಲ ಬೋಗಿಮರ. ಹಂಗಾರಕಟ್ಟೆಯ ಹೊಳೆದಂಡೆಯಲ್ಲಿ ಮಂಜಿ ಎಂಬ ಸರಕಿನ ಹಾಯಿಹಡಗುಗಳನ್ನು ಕಟ್ಟುತ್ತಿದ್ದ ಕಾಲದಲ್ಲಿ ತಮ್ಮಯ್ಯ ಆಚಾರ್ರು ನನ್ನನ್ನು ಕೊಯ್ದರು. ಕೀಸುಳಿ ಹಾಕಿ ಹಾಕಿ ಎಷ್ಟು ನಯ ಮಾಡಿದರೆಂದರೆ, ಕೊನೆಗೆ ಅವರೇ ಹತ್ತಿ ನೋಡಿ ಜಾರಿಬಿದ್ದರು. ಸುತ್ತಲಿದ್ದವರು ನಕ್ಕರು. ಆಚಾರ್ರು ಸೊಂಟ ಉಜ್ಜಿಕೊಂಡು ಎದ್ದು, ನನ್ನ ಮೈಮೇಲೆ ಸಾಲಾಗಿ ಅಡ್ಡಪಟ್ಟಿ ಹೊಡೆದರು. ನನ್ನ ಹುಟ್ಟು ಅಷ್ಟು.

ಮೇಲೆ ನಡೆಯುವವರ ಮುಖ ನನಗೆ ಸರಿಯಾಗಿ ಕಾಣುವುದಿಲ್ಲ. ಅಂಗಾಲಿನಿಂದಲೇ ಅವರನ್ನು ಗುರುತಿಸುತ್ತೇನೆ. ಮೂಟೆ ಹೊತ್ತವನ ಹಿಮ್ಮಡಿ ಬೇರೆ, ಮನೆಗೆ ಮರಳುವವನ ಹಿಮ್ಮಡಿ ಬೇರೆ.

ಮೊದಲು ನಾನೊಂದು ಮಂಜಿಯಲ್ಲಿದ್ದೆ. ಹೆಂಚು ತುಂಬಿಕೊಂಡು ಊರೂರು ತಿರುಗುವ ಕೆಲಸ. ಒಂದು ದಿನ ಆ ಮಂಜಿಗೂ ವಯಸ್ಸಾಯಿತು. ಅದನ್ನು ಒಡೆದು ಸೌದೆ ಮಾಡುವಾಗ, ಅದರಲ್ಲೇ ಖಲಾಸಿಯಾಗಿದ್ದ ಶೀನ ಮೊಗವೀರ ನನ್ನನ್ನು ಹೆಗಲಿಗೇರಿಸಿ, "ಇದನ್ ಒಲಿಗ್ ಹಾಕುಕಾಗ. ನಾ ತಕಂಡ್ ಹೋತೆ" ಎಂದ. ಹಾಗೆ ಕುಂದಾಪುರದ ಕಡೆಯ ಮೂಡುಬೆಂಗ್ರೆ ಎಂಬ, ಹೊಳೆ ಕಡಲು ಸೇರುವ ಅಳಿವೆಯ ಊರಿಗೆ ಬಂದೆ. ಶೀನ ಅಲ್ಲಿ ಮೋಟರು ದೋಣಿಯೊಂದನ್ನು ಇಟ್ಟುಕೊಂಡು, ಆಚೆ ದಡದ ಜನರನ್ನೂ ಸಾಮಾನನ್ನೂ ಸಾಗಿಸುತ್ತ ಮುದುಕನಾದ. ಊರಿಗೆಲ್ಲ ಅವನು ಶೀನಣ್ಣ. ಹೆಂಡತಿ ಮುತ್ತಕ್ಕ. ಮಕ್ಕಳಿರಲಿಲ್ಲ.

ಅಳಿವೆಯ ಬಾಯಿ ಹೂಳು ತುಂಬಿ ಮೀನುದೋಣಿಗಳು ಮರಳಿಗೆ ಸಿಕ್ಕಿಕೊಳ್ಳತೊಡಗಿದಾಗ, ಹೂಳೆತ್ತುವ ದೊಡ್ಡ ಹಡಗೊಂದು ಬಂದು ಲಂಗರು ಹಾಕಿತು. ಅದರಲ್ಲಿ ಬೇರೆ ಬೇರೆ ದೇಶದವರಿದ್ದರು. ನಮ್ಮ ಕಡಲಂಚಿನಲ್ಲಿ ಕೆಲಸ ಮಾಡುವ ಪರದೇಶದ ನಾವಿಕರಿಗೆ ಸರ್ಕಾರದ ವಾಸದ ಪರವಾನಗಿ ಬೇಕು. ಅದು ಕೈಗೆ ಬಂದವರು ದೋಣಿ ನಿಲ್ಲುವ ದಕ್ಕೆಯ ಕಲ್ಲುಕಟ್ಟೆಗೆ ಇಳಿದು ಪೇಟೆಗೆ ಹೋಗುತ್ತಿದ್ದರು, ಚಾ ಕುಡಿಯುತ್ತಿದ್ದರು, ಬಾಡಿಗೆ ಕೋಣೆಯಲ್ಲಿ ಮಲಗುತ್ತಿದ್ದರು. ಬರದವರು ಹಡಗಿನಲ್ಲೇ ಕಾಯಬೇಕು.

ಒಬ್ಬೊಬ್ಬರಿಗೇ ಬಂತು. ಜಾವಾ ದ್ವೀಪದ ವಾಗಿಮಾನ್ ಒಬ್ಬನಿಗೆ ಮಾತ್ರ ಬರಲಿಲ್ಲ.

ಅವನು ಹಡಗಿನ ಪಂಪು ನೋಡಿಕೊಳ್ಳುವವನು. ನಲವತ್ತರ ಆಸುಪಾಸು. ಅವನ ಕಡೆ ಎಷ್ಟೋ ಜನಕ್ಕೆ ಒಂದೇ ಹೆಸರು, ಮನೆತನದ ಹೆಸರು ಎಂಬುದೇ ಇಲ್ಲ. ಅರ್ಜಿಯಲ್ಲಿ ಆ ಜಾಗ ಖಾಲಿ ಬಿಟ್ಟರೆ ತಿರುಗಿ ಬರುತ್ತಿತ್ತು. ತಂದೆಯ ಹೆಸರು ಬರೆದರೆ ಪಾಸ್‌ಪೋರ್ಟಿಗೆ ತಾಳೆಯಾಗದೆ ತಿರುಗಿ ಬರುತ್ತಿತ್ತು.

ಶೀನಣ್ಣ ಹಡಗಿಗೆ ಅಕ್ಕಿ, ತರಕಾರಿ, ನೀರು ಮುಟ್ಟಿಸುವ ಕೆಲಸ ಹಿಡಿದಿದ್ದ. ಸಾಮಾನು ಹತ್ತಿಸಲು ವಾಗಿಮಾನ್ ದೋಣಿಯಲ್ಲಿ ದಕ್ಕೆಯವರೆಗೂ ಬರತೊಡಗಿದ. ಮೊದಲ ದಿನವೇ ಅವನು ನನ್ನ ಮೇಲೆ ಕಾಲಿಟ್ಟದ್ದನ್ನು ಕಂಡು, ದಕ್ಕೆ ಕಾಯುವ ಪೊಲೀಸು ಯಂಕಪ್ಪ ಓಡಿಬಂದ. ಯಂಕಪ್ಪ ಬಾಗಲಕೋಟೆ ಕಡೆಯವನು. ಮೀನಿನ ವಾಸನೆಗೆ ಇನ್ನೂ ಮೂಗು ಮುಚ್ಚಿಕೊಳ್ಳುತ್ತಿದ್ದ.

"ಏ ತಮ್ಮಾ, ಅಲ್ಲೇ ನಿಂದ್ರು! ಪರ್ಮಿಟ್ ಇಲ್ಲದ ನೆಲಕ್ಕ ಕಾಲ ಇಡಂಗಿಲ್ಲ."

"ಹ್ವಾಯ್ ಯಂಕಪ್ಪಣ್ಣ, ಅವ ಎಲ್ಲಿಗ್ ಓಡ್ತ? ಮೂಟಿ ಹಿಡ್ಕಂಬುಕೆ ಒಬ್ರ್ ಬೇಕಲೆ" ಎಂದ ಶೀನಣ್ಣ.

ಯಂಕಪ್ಪ ನನ್ನನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ. ನಾನು ನೆಲವೋ ನೀರೋ ಎಂದು ಅದುವರೆಗೆ ಯಾರೂ ಯೋಚಿಸಿರಲಿಲ್ಲ.

"ಹಲಗಿ ಮ್ಯಾಲ ಇದ್ರ ದೋಣ್ಯಾಗ ಇದ್ದಂಗ" ಎಂದು ಕಡೆಗೆ ತೀರ್ಮಾನ ಹೇಳಿದ. "ಅದರ ತುದಿ ದಾಟಿದಿ ಅಂದ್ರ ನಾ ರಿಪೋರ್ಟ್ ಬರೀಬೇಕಾಗ್ತದ. ಬರದ್ರ ನಿನ್ನ ಅರ್ಜಿನೂ ಹೋಗ್ತದ, ಕೆಲಸಾನೂ ಹೋಗ್ತದ. ತಿಳೀತಿಲ್ಲೋ?"

ವಾಗಿಮಾನನಿಗೆ ಮಾತು ತಿಳಿಯಲಿಲ್ಲ. ಶೀನಣ್ಣ ನನ್ನ ತುದಿಯನ್ನು ತೋರಿಸಿ, ಕೈಯಲ್ಲಿ ವಿಮಾನ ಹಾರಿಸಿ ತೋರಿಸಿದ. ಆಗ ತಿಳಿಯಿತು.

ಅಂದಿನಿಂದ ಬೆಳಗಿನ ಹೊತ್ತು ಅವನ ಮನೆ ನಾನೇ ಆದೆ. ಸಾಮಾನು ಹತ್ತಿಸಿದ ಮೇಲೆ ನನ್ನ ನಡುವೆ ಕುಳಿತು ಕಾಲು ಇಳಿಬಿಟ್ಟುಕೊಳ್ಳುತ್ತಿದ್ದ. ಊರೇ ಅವನ ಬಳಿಗೆ ಬರತೊಡಗಿತು. ಕ್ಷೌರದವನು ದಕ್ಕೆಯ ಮೇಲೆ ನಿಂತು, ನನ್ನ ಮೇಲೆ ಕುಳಿತವನ ತಲೆ ಕತ್ತರಿಸಿದ. ಕೂದಲು ಹೊಳೆಯಲ್ಲಿ ತೇಲಿಹೋಯಿತು. ಮುತ್ತಕ್ಕ ಬುತ್ತಿಯಲ್ಲಿ ಗಂಜಿ, ಮೇಲೊಂದು ಸುಟ್ಟ ಬಂಗುಡೆ ತಂದುಕೊಡುತ್ತಿದ್ದಳು. ತಿಂದು ಅವನು, "ಲಾಯ್ಕಿತ್ತ್" ಎನ್ನುತ್ತಿದ್ದ. ಚೆನ್ನಾಗಿದೆ ಎನ್ನಲು ಶೀನಣ್ಣ ಕಲಿಸಿದ ಮೊದಲ ಮಾತು ಅದು.

ಶೀನಣ್ಣನಿಗೆ ಆ ಉದ್ದ ಹೆಸರು ಹಿಡಿಸಲಿಲ್ಲ. "ನಾಗ ಇದ್ದ, ಸೂರ ಇದ್ದ, ಇವ ವಾಗ" ಎಂದುಬಿಟ್ಟ. ಅರ್ಜಿ ಮತ್ತೆ ತಿರುಗಿ ಬಂದ ದಿನ ಯಂಕಪ್ಪನಿಗೂ ಹೇಳಿದ, "ಅವ್ನ್ ಹೆಸ್ರಿಗ್ ಬಾಲ ಇಲ್ಲ ಅಂದೇಳಿ ಅಲ್ದಾ ಈ ರಗಳಿ? ನಮ್ ಬಾಲವೇ ಸೇರ್ಸಿ ಬರೀಲಿ. ವಾಗ ಮೊಗವೀರ. ಎಂತ ಕಮ್ಮಿ ಆಯ್ತ್?"

ಯಂಕಪ್ಪ ಬಿದ್ದುಬಿದ್ದು ನಕ್ಕ. ವಾಗಿಮಾನ್ ಮಾತ್ರ ನಗಲಿಲ್ಲ. ಅರ್ಥ ಕೇಳಿ ತಿಳಿದುಕೊಂಡು, ಶೀನಣ್ಣನ ಕೈ ಹಿಡಿದು ತನ್ನ ಎದೆಗೆ ಒತ್ತಿಕೊಂಡ. ಶೀನಣ್ಣನಿಗೆ ನಾಚಿಕೆಯಾಗಿ, ಎಂಜಿನ್ನಿಗೆ ಬೈಯುತ್ತ ದೋಣಿಗೆ ಇಳಿದ.

ಬೇಸಿಗೆ ಕಾಲಿಟ್ಟಿತ್ತು. ಒಂದು ಬೆಳಿಗ್ಗೆ ನನ್ನ ಮೇಲೆ ಬಿದ್ದದ್ದು ಶೀನಣ್ಣನ ಹೆಜ್ಜೆಯಲ್ಲ, ಅವನ ತಮ್ಮನ ಮಗ ರತ್ನಾಕರನದು. ರತ್ನಾಕರ ಹಡಗಿನ ಬಳಿ ದೋಣಿ ನಿಲ್ಲಿಸಿ, "ಇವತ್ತ್ ಸಾಮಾನ್ ಇಲ್ಲ. ದೊಡ್ಡಪ್ಪಯ್ಯ ಹೋದ್ರ್" ಎಂದ. ಬೆಳಗಿನ ಜಾವ ಎದೆ ಹಿಡಿದುಕೊಂಡು ಕುಳಿತ ಶೀನಣ್ಣ ಮತ್ತೆ ಏಳಲಿಲ್ಲವಂತೆ.

ವಾಗಿಮಾನ್ ದೋಣಿಗೆ ಇಳಿದ.

ದಕ್ಕೆಯಲ್ಲಿ ನನ್ನನ್ನು ಹಾಕಿದರು. ಅವನು ನೇರ ನಡೆದು ನನ್ನ ತುದಿಗೆ ಬಂದು ನಿಂತ. ಅವನ ಕಾಲ್ಬೆರಳುಗಳು ನನ್ನ ಅಂಚನ್ನು ಕಚ್ಚಿ ಹಿಡಿದಿದ್ದವು. ಮುಂದೆ ದಕ್ಕೆಯ ಕಲ್ಲು. ಅದರಾಚೆ ತೆಂಗಿನ ಮರಗಳ ಸಾಲು, ಶೀನಣ್ಣನ ಮನೆಯ ಮಾಡು, ಅಲ್ಲಿ ಸೇರಿದ ಜನ. ಎಲ್ಲ ಕೂಗಿದರೆ ಕೇಳುವಷ್ಟು ಹತ್ತಿರ.

ಯಂಕಪ್ಪ ಎದುರಿಗೆ ಬಂದು ನಿಂತ. "ಬ್ಯಾಡೋ ತಮ್ಮಾ" ಎಂದ. ಅವನ ದನಿಯಲ್ಲಿ ಅಂದು ಪೊಲೀಸನ ಗತ್ತು ಇರಲಿಲ್ಲ. "ಅರ್ಜಿ ಈ ಸಲ ಮ್ಯಾಲಿನವ್ರ ಟೇಬಲ್ಲಿಗೆ ಹೋಗೇತಿ. ಈಗ ಕೆಡಿಸ್ಕೋಬ್ಯಾಡ."

"ನಾನ್ ಹೋತೆ" ಎಂದ ವಾಗಿಮಾನ್. ಅದೂ ಶೀನಣ್ಣ ಕಲಿಸಿದ ಮಾತೇ.

ಅವನ ಒಂದು ಹಿಮ್ಮಡಿ ಮೇಲೆದ್ದಿತು. ಮತ್ತೆ ಇಳಿಯಿತು. ಊರಲ್ಲಿ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ಅವನ ಸಂಬಳದ ಮೇಲಿದ್ದರು. ಆ ಭಾರವೂ ಅವತ್ತು ನನ್ನ ಮೇಲೇ ಇತ್ತು. ಇಷ್ಟು ವರ್ಷ ಎಷ್ಟೋ ಜನರನ್ನು ದಾಟಿಸಿದ್ದೇನೆ. ಇನ್ನೊಂದು ಹೆಜ್ಜೆಯಷ್ಟು ಉದ್ದ ಇರಬಾರದಿತ್ತೇ ಎಂದು ಅನಿಸಿದ್ದು ಆವತ್ತೊಂದೇ ಸಲ.

ಯಂಕಪ್ಪ ಟೊಪ್ಪಿಗೆ ತೆಗೆದು ಕಂಕುಳಲ್ಲಿಟ್ಟುಕೊಂಡು ಶೀನಣ್ಣನ ಮನೆಯ ಕಡೆ ನಡೆದ. ಅಲ್ಲಿ ನಡೆದದ್ದನ್ನು ಅವನೇ ಆಮೇಲೆ ರತ್ನಾಕರನಿಗೆ ಹೇಳಿದ್ದರಿಂದ ನನಗೆ ಗೊತ್ತು. ಸ್ಮಶಾನದ ದಾರಿ ಮನೆಯ ಹಿತ್ತಿಲಿನಿಂದಲೇ ಇತ್ತು. ಯಂಕಪ್ಪ ಅಂಗಳದಲ್ಲಿ ನಿಂತು ಏನು ಹೇಳಬೇಕೆಂದು ತಡವರಿಸುತ್ತಿರುವಾಗ ಮುತ್ತಕ್ಕನೇ ತಲೆಯೆತ್ತಿ, "ಅವ ಬಂದಿದ್ನಾ?" ಎಂದು ಕೇಳಿದಳಂತೆ.

"ಬಂದಾನವ್ವಾ. ಹಲಗಿ ಮ್ಯಾಲ ನಿಂತಾನ."

ಮುತ್ತಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. "ದಕ್ಕಿ ಮೇಲೇ ತಕಂಡ್ ಹೋಯ್ನಿ. ಅವ್ರ್ ದಿನಾ ಹೋಪ್ ದಾರಿ ಅದೇ ಅಲ್ದಾ?"

ಒಬ್ಬಿಬ್ಬರು ಹಿರಿಯರು ಅದು ಕ್ರಮವಲ್ಲ ಎಂದರು. ಅವಳು ಪಟ್ಟು ಬಿಡಲಿಲ್ಲ.

ಚಟ್ಟ ದಕ್ಕೆಗೆ ಬಂತು. ಹೊತ್ತವರು ನನ್ನ ತುದಿಗೆ ಸರಿದು ನಿಂತರು. ಮುಂದಿನ ಬಿದಿರು ವಾಗಿಮಾನನ ಹೆಗಲಿನ ಮೇಲಕ್ಕೆ ಬಂತು. ಅಷ್ಟರಲ್ಲಿ ಮನೆಗೆ ಹೋಗಿ ಚಟ್ಟಕ್ಕೆ ಹೆಗಲು ಕೊಟ್ಟಿದ್ದ ರತ್ನಾಕರ ಅದರಡಿಯಿಂದ ತಪ್ಪಿಸಿಕೊಂಡು ಜಾಗ ಬಿಟ್ಟ. ವಾಗಿಮಾನ್ ಹೆಗಲು ಕೊಟ್ಟ. ಅವನ ಎರಡೂ ಪಾದಗಳು ನನ್ನ ಮೇಲೆಯೇ, ಅಡ್ಡಪಟ್ಟಿಗೆ ಊರಿಕೊಂಡು ನಿಂತಿದ್ದವು. ಅವನ ಹೆಗಲಿನಿಂದ ಬೆನ್ನಿಗೆ, ಬೆನ್ನಿನಿಂದ ಅಂಗಾಲಿಗೆ ಇಳಿದು ಶೀನಣ್ಣನ ಭಾರ ಕೊನೆಯ ಸಲ ನನಗೆ ಮುಟ್ಟಿತು. ಬದುಕಿದ್ದಾಗಿನದಕ್ಕಿಂತ ಹಗುರವಿತ್ತು.

ಆಮೇಲೆ ರತ್ನಾಕರ ಮತ್ತೆ ಹೆಗಲು ಕೊಟ್ಟ. ಗೋವಿಂದ ಎಂದು ಕೂಗುತ್ತ ಜನ ಮರಳದಿಬ್ಬದತ್ತ ಸಾಗಿದರು. ವಾಗಿಮಾನ್ ನನ್ನ ಮೇಲೆ ಕುಸಿದು ಕುಳಿತು, ತನ್ನ ಭಾಷೆಯಲ್ಲಿ ಮೆಲ್ಲಗೆ ಏನೋ ಪ್ರಾರ್ಥಿಸಿದ. ಯಂಕಪ್ಪ ಅವನಿಗೆ ಬೆನ್ನು ಮಾಡಿ, ಹೊಳೆ ನೋಡುತ್ತ ನಿಂತ.

ಪರವಾನಗಿ ಬಂದದ್ದು ಹದಿಮೂರರ ಕ್ರಿಯೆಗಳೆಲ್ಲ ಮುಗಿದ ಮೇಲೆ. ಯಂಕಪ್ಪನೇ ಕೈ ಬೀಸುತ್ತ ತಂದ. ಯಾರೋ ಪುಣ್ಯಾತ್ಮ ಹೆಸರಿನ ಜಾಗದಲ್ಲೂ ವಾಗಿಮಾನ್, ಮನೆತನದ ಜಾಗದಲ್ಲೂ ವಾಗಿಮಾನ್ ಎಂದು ಬರೆಸಿ ದಾರಿ ಮಾಡಿದ್ದ. ವಾಗಿಮಾನ್ ಅದನ್ನು ನೋಡಿದ, ಅಂಗಿಯ ಕಿಸೆಗೆ ಹಾಕಿದ. ನನ್ನ ತುದಿಯಲ್ಲಿ ಒಮ್ಮೆ ನಿಂತ. ಇಳಿದ. ಪೇಟೆಯ ಕಡೆ ತಿರುಗಲಿಲ್ಲ, ತೆಂಗಿನ ಸಾಲಿನ ಕಡೆ ನಡೆದ.

ಅಂಗಳಕ್ಕೆ ಬಂದವನನ್ನು ನೋಡಿ ಮುತ್ತಕ್ಕ, "ಬಪ್ಪುಕೆ ಇಷ್ಟ್ ದಿನ ಆಯ್ತಾ ಮಗಾ?" ಎಂದು ಕೇಳಿ, ಅವತ್ತು ಮೊದಲ ಸಲ ಗಟ್ಟಿಯಾಗಿ ಅತ್ತಳಂತೆ. ಸಂಜೆ ಅವನು ಮರಳಿ ನನ್ನ ಮೇಲೆ ಕಾಲಿಟ್ಟಾಗ ಅಂಗಾಲಿನಲ್ಲಿ ಹಡಗಿನ ಎಣ್ಣೆಯಿರಲಿಲ್ಲ, ಕಡಲಿನ ಉಪ್ಪಿರಲಿಲ್ಲ. ಕೆಂಪು ಮಣ್ಣಿತ್ತು.

ಹೂಳು ತೆಗೆದು ಮುಗಿಯಿತು, ಹಡಗು ಹೊರಟುಹೋಯಿತು. ಯಂಕಪ್ಪನಿಗೆ ತನ್ನ ಸೀಮೆಗೆ ವರ್ಗವಾಯಿತು. ಹೋಗುವಾಗ ಒಣಮೀನಿನ ಕಟ್ಟು ಒಯ್ದ. ರತ್ನಾಕರ ದೋಣಿಗೆ ಅಲ್ಯೂಮಿನಿಯಂ ಏಣಿ ತಂದ. ನನ್ನ ಒಂದು ಬದಿ ಸೀಳಿತ್ತು, ಅವನನ್ನು ದೂರುವಂತಿಲ್ಲ. ಈಗ ಬಲೆ ಇಡುವ ಕೊಟ್ಟಿಗೆಯಲ್ಲಿ, ಎರಡು ಕಲ್ಲುಗಳ ಮೇಲೆ ಮಲಗಿದ್ದೇನೆ. ಜನ ನನ್ನ ಮೇಲೆ ಕೂರುತ್ತಾರೆ, ದಾಟುವುದಿಲ್ಲ. ಮೊದಮೊದಲು ಇದು ಬೇಸರವಾಗಿತ್ತು. ದಾಟಿಹೋದವರು ನನ್ನವರಾಗುತ್ತಿರಲಿಲ್ಲ, ಕಾದು ಕುಳಿತವನು ಮಾತ್ರ ಆದ. ಅದನ್ನು ನೆನೆದರೆ ಈಗ ಬೇಸರವಿಲ್ಲ.

ಮಧ್ಯಾಹ್ನ ಮುತ್ತಕ್ಕ ಬಂದು ನನ್ನ ಮೇಲೆ ಕುಳಿತು ಬಲೆ ಹೆಣೆಯುತ್ತಾಳೆ. ಕೆಲವು ದಿನ ಅವಳ ಫೋನು ಬಡಿದುಕೊಳ್ಳುತ್ತದೆ. ವಾಗಿಮಾನ್ ಈಗ ಇನ್ನಾವುದೋ ದೇಶದ ಕಡಲಂಚಿನಲ್ಲಿದ್ದಾನೆ. ಅಲ್ಲಿಯೂ ಪರವಾನಗಿ ಬರಬೇಕು, ಬಂದಿಲ್ಲ. ನಿನ್ನೆಯೂ ಅವನು ಅದನ್ನೇ ಹೇಳಿರಬೇಕು. ಮುತ್ತಕ್ಕ ಬಲೆ ಕೆಳಗಿಟ್ಟು, ಫೋನನ್ನು ಬಾಯಿಗೆ ಹತ್ತಿರ ಹಿಡಿದು ಕೇಳಿದಳು:

"ಅದ್ ಬತ್ತ್, ಬಿಡ್. ಅಲ್ಲ್ ನಿಂಗ್ ಹಲ್ಗಿ ಹಾಕುವರ್ ಯಾರಾರೂ ಇದ್ರಾ?"